ವಾರ್ಮರ್ 36.6 ತೋರಿಸುತ್ತಿತ್ತು, ಮಗುವಿನ ಪಾದ ತಣ್ಣಗಿತ್ತು

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಗುತ್ತಿಗೆಯ ಮೇಲೆ ಸೇರಿ ನಾಲ್ಕು ತಿಂಗಳಾಯಿತು. ಇರುವುದು 12 ಹಾಸಿಗೆ. ಕೆಲವು ರಾತ್ರಿ 16 ಮಕ್ಕಳಿರುತ್ತಾರೆ, ನಾವು ಇಬ್ಬರೇ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ 1,340 ಗ್ರಾಂ ತೂಕದ ಹೆಣ್ಣು ಮಗು ನನ್ನ ಪಾಲಿಗಿತ್ತು. ವಾರ್ಮರಿನ, ಅಂದರೆ ಮಗುವನ್ನು ಬೆಚ್ಚಗಿಡುವ ಯಂತ್ರದ, ಪರದೆ 36.6 ಡಿಗ್ರಿ ಎನ್ನುತ್ತಿತ್ತು. ಎರಡು ಬಾರಿ ಅದನ್ನೇ ನೋಡಿ ಚಾರ್ಟಿನಲ್ಲಿ ಬರೆದೆ. ಬೆಳಗಿನ ಜಾವ ಹಿರಿಯ ಸಿಸ್ಟರ್ ಬಂದು ಮಗುವಿನ ಪಾದ ಮುಟ್ಟಿದವರೇ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು: 35.4. ರಕ್ತದ ಸಕ್ಕರೆ 38. ವೈದ್ಯರು ಬಂದರು, ಮಗು ಚೇತರಿಸಿಕೊಂಡಿತು. ಆದರೆ ಅಂದಿನಿಂದ ನನ್ನ ಕೈ ನಡುಗುತ್ತದೆ. ಇನ್ನೊಂದು ಸಂಗತಿ. ಒಬ್ಬ ತಾಯಿಯನ್ನು ಮನೆಗೆ ಕಳಿಸುವಾಗ ಪಟ್ಟಿಯಲ್ಲಿದ್ದ 15 ಸೂಚನೆಗಳನ್ನೂ ಓದಿ ಹೇಳಿದ್ದೆ. ಒಂಬತ್ತನೆಯ ದಿನ ಮಗು ವಾಪಸು ಬಂತು. ಮನೆಯಲ್ಲಿ ಎಣ್ಣೆ ತಿಕ್ಕಿ ನೀರೆರೆದಿದ್ದರು, ಹರಳೆಣ್ಣೆ ನೆಕ್ಕಿಸಿದ್ದರು. ನನ್ನ ಓದೇ ಸರಿಯಿಲ್ಲವೇ? ಇಷ್ಟು ಕೆಲಸದ ನಡುವೆ ತಾಯಂದಿರಿಗೆ ಕಲಿಸುವುದೂ ನಮ್ಮ ಹೊಣೆಯೇ? ಒಂದು ವರ್ಷದ ಡಿಪ್ಲೊಮಾ ಮಾಡಲೇ, ಅಥವಾ ದೊಡ್ಡವರ ವಾರ್ಡಿಗೆ ವರ್ಗ ಕೇಳಲೇ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಅವುಗಳ ಅಡಿಯಲ್ಲಿರುವ ಭಯ ಒಂದೇ: ನನಗೆ ಗೊತ್ತಿಲ್ಲದ್ದರಿಂದ ಒಂದು ಮಗು ಹೋಗಿಬಿಟ್ಟರೆ? 28 ವರ್ಷ ನವಜಾತ ಶಿಶುಗಳ ನಡುವೆಯೇ ಕಳೆದವಳು ನಾನು, ಅದರಲ್ಲಿ ಹದಿನಾಲ್ಕು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ. ಆ ಭಯ ಇಲ್ಲದ ಹುಡುಗಿಯರನ್ನು ಕಂಡರೆ ನನಗೆ ಹೆಚ್ಚು ಆತಂಕವಾಗುತ್ತದೆ. ನೀವು ನಡೆದದ್ದನ್ನು ಮುಚ್ಚಿಡದೆ, ಸಂಖ್ಯೆಗಳ ಸಮೇತ ಬರೆದಿದ್ದೀರಿ. ಹಾಗಾಗಿ ನಾನೂ ಆ ರಾತ್ರಿಯಿಂದಲೇ ಶುರುಮಾಡುತ್ತೇನೆ.

ಪರದೆ 36.6 ಎಂದದ್ದು ಸುಳ್ಳಲ್ಲ. ಪ್ರೋಬ್, ಅಂದರೆ ಮಗುವಿನ ಮೈಗೆ ಅಂಟಿಸುವ ತಾಪ ಅಳೆಯುವ ತಂತಿಯ ತುದಿ, ಎಲ್ಲಿತ್ತೋ ಅಲ್ಲಿನ ಬಿಸಿಯನ್ನು ಅದು ಹೇಳುತ್ತಿತ್ತು, ಅಷ್ಟೇ. ನನ್ನ ಊಹೆ, ಮಗು ಹೊರಳಿಯೋ ಬಟ್ಟೆ ಬದಲಾಯಿಸುವಾಗಲೋ ಪ್ರೋಬ್ ಮಗುವಿನ ಮೈಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡಿದೆ. ಅಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ. 'ಮಗು ಬೆಚ್ಚಗಿದೆ' ಎಂದು ಭಾವಿಸಿ ಯಂತ್ರ ತನ್ನ ಶಾಖವನ್ನು ತಗ್ಗಿಸುತ್ತದೆ, ಮೇಲ್ಭಾಗದ ಮೈ ತಣ್ಣಗಾಗುತ್ತಾ ಹೋಗುತ್ತದೆ. ಇದರ ತದ್ವಿರುದ್ಧವೂ ಆಗುತ್ತದೆ. ಪ್ರೋಬ್ ಅಂಟು ಬಿಟ್ಟು ಗಾಳಿಗೆ ಬಿದ್ದರೆ ಅದು ಕೋಣೆಯ ತಂಪನ್ನು ಓದುತ್ತದೆ, ಯಂತ್ರ ಉರಿಯುತ್ತಲೇ ಇರುತ್ತದೆ, ಮಗು ಕಾದ ಹೆಂಚಿನಂತಾಗುತ್ತದೆ. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಮಗು ಅಂಗಾತ ಮಲಗಿದ್ದರೆ ಪ್ರೋಬ್ ಹೊಟ್ಟೆಯ ಮೇಲೆ, ಬಲಪಕ್ಕೆಲುಬಿನ ಕೆಳಗೆ ಇರಬೇಕು. ಪ್ರತಿ ಬಾರಿ ಮಗ್ಗುಲು ಬದಲಿಸಿದಾಗ ಅದು ಅಲ್ಲೇ ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಚಾರ್ಟಿನಲ್ಲಿ ಬರೆಯಬೇಕಾದದ್ದು ಕಂಕುಳ ಥರ್ಮಾಮೀಟರಿನ ಸಂಖ್ಯೆ. ಪರದೆಯ ಸಂಖ್ಯೆ ಯಂತ್ರದ ಮಾತು, ಕಂಕುಳದ್ದು ಮಗುವಿನ ಮಾತು.

ನಿಮ್ಮ ಹಿರಿಯ ಸಿಸ್ಟರ್ ಮಾಡಿದ್ದನ್ನು ಗಮನಿಸಿದಿರಲ್ಲವೇ? ಅವರು ಮೊದಲು ಪಾದ ಮುಟ್ಟಿದರು. ಅಂಗೈಗಿಂತ ಕೈಯ ಹಿಂಬದಿಗೆ ತಣ್ಣನೆ-ಬಿಸಿ ಚೆನ್ನಾಗಿ ತಿಳಿಯುತ್ತದೆ. ಅದನ್ನು ಮಗುವಿನ ಹೊಟ್ಟೆಗೆ ತಾಗಿಸಿ, ಆಮೇಲೆ ಪಾದಕ್ಕೆ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಯೊಂದಿಗೆ ಸೆಣಸುತ್ತಿದೆ, ಆಗ ಮೈಯ ತಾಪ 36ರಿಂದ 36.4ರ ಆಸುಪಾಸಿನಲ್ಲಿರುತ್ತದೆ. ಎರಡೂ ತಣ್ಣಗಿದ್ದರೆ ಸೋಲುತ್ತಿದೆ. ಇದಕ್ಕೆ ಹತ್ತು ಸೆಕೆಂಡು ಸಾಕು, ವಿದ್ಯುತ್ ಬೇಡ. 16 ಮಕ್ಕಳಿರುವ ರಾತ್ರಿಯಲ್ಲೂ ಎಲ್ಲರ ಪಾದವನ್ನೂ ಗಂಟೆಗೊಮ್ಮೆ ಮುಟ್ಟಬಹುದು. ಆದರೆ ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈಗೆ ಸ್ಯಾನಿಟೈಸರ್ ಹಚ್ಚಿ, ಅದು ಪೂರ್ತಿ ಒಣಗಲೇಬೇಕು. ಈ ಮಾತನ್ನು ನೂರು ಸಲ ಹೇಳಿಯೂ ನನಗೆ ಬೇಸರ ಬಂದಿಲ್ಲ. ನಮ್ಮ ಘಟಕಗಳಲ್ಲಿ ಮಕ್ಕಳನ್ನು ಕಿತ್ತುಕೊಳ್ಳುವ ನಂಜು, ಅಂದರೆ ಸೋಂಕು, ಬಹುಪಾಲು ನಮ್ಮ ಬೆರಳುಗಳ ಮೇಲೆಯೇ ಪ್ರಯಾಣ ಮಾಡುತ್ತದೆ.

ಇನ್ನು ಸಕ್ಕರೆ 38ಕ್ಕೆ ಏಕೆ ಇಳಿಯಿತು ಎಂಬುದು. ನಮಗೆ ಚಳಿಯಾದರೆ ಮೈ ನಡುಗಿ ಶಾಖ ಹುಟ್ಟುತ್ತದೆ. ನವಜಾತ ಶಿಶುವಿಗೆ ಹಾಗೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ. ಅದರ ಬದಲಿಗೆ ಬೆನ್ನಿನಲ್ಲಿ, ಕುತ್ತಿಗೆಯ ಸುತ್ತ, ಮೂತ್ರಪಿಂಡಗಳ ಬಳಿ ಇರುವ ಕಂದು ಕೊಬ್ಬನ್ನು ಉರಿಸಿಕೊಳ್ಳುತ್ತದೆ. ಆ ಕೊಬ್ಬು ತುಂಬಿಕೊಳ್ಳುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗು ಉರುವಲು ಇಲ್ಲದ ಒಲೆ. ಸಾಲದ್ದಕ್ಕೆ ತೂಕಕ್ಕೆ ಹೋಲಿಸಿದರೆ ಅದರ ಮೈಯ ಹೊರಮೈ ವಿಸ್ತಾರ ನಮಗಿಂತ ಎಷ್ಟೋ ಹೆಚ್ಚು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ತಣ್ಣಗಾದ ಮಗು ಬಿಸಿಯಾಗಲು ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚುಮಾಡುತ್ತದೆ. ಸಕ್ಕರೆ 45ಕ್ಕಿಂತ ಕೆಳಗಿಳಿದರೆ ಮಂಕಾಗುತ್ತದೆ, ಹಾಲು ಬೇಡವೆನ್ನುತ್ತದೆ, ಹಾಲಿಲ್ಲದೆ ಮತ್ತೆ ತಣ್ಣಗಾಗುತ್ತದೆ. ಆದ್ದರಿಂದ ತಣ್ಣಗಿರುವ ಮಗು ಸಿಕ್ಕರೆ ಬೆಚ್ಚಗೆ ಮಾಡುವುದರ ಜೊತೆಗೇ ಸಕ್ಕರೆ ನೋಡಿ, ಉಸಿರು ಎಣಿಸಿ, ವೈದ್ಯರನ್ನು ಕರೆಯಿರಿ. ತಣ್ಣಗಾಗುವುದು ನಂಜಿನ ಮೊದಲ ಲಕ್ಷಣವೂ ಆಗಿರಬಹುದು. ಎಳೆ ಮಕ್ಕಳಿಗೆ ನಂಜಾದರೆ ಜ್ವರವೇ ಬರಬೇಕೆಂದಿಲ್ಲ.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ದೊಡ್ಡವರ ವಾರ್ಡಿನದು. ಶಿಶುಗಳು ಕೆಲವು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ವೇಗವಾಗಿ ಆಡುವುದು ಸಹಜ. 15 ಸೆಕೆಂಡಿನಲ್ಲಿ ನಿಮಗೆ ಸಿಕ್ಕಿದ್ದು ನಿಲುಗಡೆಯೋ ಓಟವೋ ತಿಳಿಯದು. ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ. ಮತ್ತೆ ಹಾಗೇ ಇದ್ದರೆ, ಇಲ್ಲವೇ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಕಾಯಬೇಡಿ.

ನಿಮ್ಮ ಓದು ಸರಿಯಿಲ್ಲವೇ ಎಂದು ಕೇಳಿದ್ದೀರಿ. ಕಂದು ಕೊಬ್ಬಿನ ಬಗ್ಗೆ ನಿಮ್ಮನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದಿರಿ ಎಂದು ನನಗೆ ಖಾತರಿಯಿದೆ. ತಿಳಿವು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮದಲ್ಲಿ ನವಜಾತ ಶಿಶುವಿನ ಅಗತ್ಯ ಆರೈಕೆಯ ತರಬೇತಿ ಸೇರಿದೆ. ಆದರೆ ಅರವತ್ತು ವಿದ್ಯಾರ್ಥಿಗಳಿಗೆ ಕಲಿಯಲು ಒಂದು ತರಬೇತಿ ಗೊಂಬೆ ಇದ್ದರೆ, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುತ್ತದೆ. ಅಂಥ ತರಗತಿಗಳಲ್ಲಿ ನಾನೇ ಪಾಠ ಮಾಡಿದ್ದೇನೆ, ಅದು ಸಾಲದು ಎಂದು ಗೊತ್ತಿದ್ದೂ ಹಾಜರಿ ಹಾಕಿದ್ದೇನೆ. ಅದು ನಿಮ್ಮ ತಪ್ಪಲ್ಲ.

ನನ್ನ ಸ್ವಂತ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಎಲ್ಲಾ ಹಾಸಿಗೆಗೂ ಇರಲಿಲ್ಲ. ಎಳೆಯ ಮಗುವಿಗೆ ಆಮ್ಲಜನಕ ಎಷ್ಟು ಕೊಟ್ಟರೂ ಒಳ್ಳೆಯದೇ ಎಂದು ನಂಬಿದ್ದೆ. ರಾತ್ರಿಯಲ್ಲಿ ಆಮ್ಲಜನಕದ ಬಾಟಲಿಯ ನೀರುಗುಳ್ಳೆಗಳ ಸದ್ದು ಕೇಳುತ್ತಿದ್ದರೆ ನನಗೇ ಧೈರ್ಯ ಬರುತ್ತಿತ್ತು. ಅವಧಿಗೆ ಮುನ್ನ ಹುಟ್ಟಿದವರ ಕಣ್ಣಿನ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ, ಹೆಚ್ಚಿನ ಆಮ್ಲಜನಕ ಅವುಗಳನ್ನು ಕೆಡಿಸಬಲ್ಲದು ಎಂದು ನನಗೆ ಮನದಟ್ಟಾದದ್ದು, ಆರೇಳು ತಿಂಗಳ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬರು 'ಇವನು ನನ್ನ ಮುಖ ನೋಡುವುದಿಲ್ಲ ಸಿಸ್ಟರ್' ಎಂದಾಗ. ಆ ಮಗುವಿಗೆ ದೃಷ್ಟಿ ಹೋದದ್ದು ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ, ಕಾರಣಗಳು ಹಲವಿದ್ದವು. ಆದರೂ ಆ ತಾಯಿಯ ಸೀರೆಯ ಬಣ್ಣ ನನಗೆ ಇಂದಿಗೂ ನೆನಪಿದೆ. ಆಮ್ಲಜನಕ ಪಡೆಯುತ್ತಿರುವ ಅವಧಿಪೂರ್ವ ಶಿಶುವಿಗೆ ಆಕ್ಸಿಮೀಟರ್ 90ರಿಂದ 95ರ ನಡುವೆ ತೋರಿಸಿದರೆ ಸಾಕು. 99 ಕಂಡರೆ ಸಂತೋಷಪಡುವಂತಿಲ್ಲ, ವೈದ್ಯರಿಗೆ ತಿಳಿಸಿ ಕಡಿಮೆ ಮಾಡಿಸಬೇಕು. 34 ವಾರಕ್ಕೆ ಮುನ್ನ ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಮಕ್ಕಳ ಕಣ್ಣಿನ ಪರೀಕ್ಷೆ ಹುಟ್ಟಿದ 30 ದಿನಗಳೊಳಗೆ ಆಗಬೇಕು. ತೀರಾ ಚಿಕ್ಕವರಿಗೆ, ಅಂದರೆ 28 ವಾರದ ಒಳಗಿನವರಿಗೆ ಅಥವಾ 1,200 ಗ್ರಾಂಗಿಂತ ಕಡಿಮೆಯವರಿಗೆ, ಎರಡು ಮೂರು ವಾರದಲ್ಲೇ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳ ಘಟಕಗಳಿಗೇ ಹೋಗಿ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ನಿಮ್ಮ ಘಟಕದ ಮಕ್ಕಳ ಕಣ್ಣಿನ ತಪಾಸಣೆ ಎಲ್ಲಿ, ಯಾವ ವಾರ ನಡೆಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಬಿಡುಗಡೆಯ ಚೀಟಿಯ ಮೇಲೆ ಆ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಈಗ ನಿಮ್ಮ ಎರಡನೆಯ ಗಾಯಕ್ಕೆ ಬರುತ್ತೇನೆ, ಆ 15 ಸೂಚನೆಗಳಿಗೆ. ನಾವು ಕಾಲೇಜಿನಲ್ಲಿ 'ಆರೋಗ್ಯ ಶಿಕ್ಷಣ'ವನ್ನು ಸಮುದಾಯ ಶುಶ್ರೂಷೆಯ ಪಾಠವಾಗಿ ಕಲಿಸುತ್ತೇವೆ, ತೀವ್ರ ಅಸ್ವಸ್ಥ ಶಿಶುವಿನ ಆರೈಕೆಯನ್ನು ಬೇರೆಯದೇ ಪಾಠವಾಗಿ. ಹೀಗೆ ಕಲಿತವರಿಗೆ ಎಸ್‌ಎನ್‌ಸಿಯುನಲ್ಲಿ ಯಂತ್ರಗಳೇ ಚಿಕಿತ್ಸೆ, ತಾಯಿಗೆ ಹೇಳುವುದು ಬಿಡುವಿದ್ದರೆ ಮಾಡುವ ಉಪಕಾರ ಎಂದು ಕಾಣುವುದು ಸಹಜ. ಈ ವಿಭಜನೆಯೇ ದೊಡ್ಡ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. 1,340 ಗ್ರಾಂ ಮಗು ನಿಮ್ಮ ಬಳಿ ಮೂರು ನಾಲ್ಕು ವಾರ ಇರುತ್ತದೆ, ಆಮೇಲೆ ಅದರ ವಾರ್ಮರ್, ಮಾನಿಟರ್, ನರ್ಸ್ ಎಲ್ಲವೂ ಆ ತಾಯಿಯೇ. ಅವಳಿಗೆ ಕಲಿಸದೆ ಕಳಿಸಿದರೆ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ.

ಇದಕ್ಕೆ ಗಟ್ಟಿ ಪುರಾವೆಯಿದೆ. ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಡುವ ಕಾಂಗರೂ ಆರೈಕೆ ಹುಟ್ಟಿದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ. ಬಹುಕಾಲ ಅದು ಬಡವರ ಬದಲಿ ವ್ಯವಸ್ಥೆ ಎನ್ನಿಸಿಕೊಂಡಿತ್ತು, ಮಗು ಸ್ಥಿರವಾದ ಮೇಲಷ್ಟೇ ಕೊಡಬೇಕು ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋವರೆಗಿನ ಮಕ್ಕಳನ್ನು ಹುಟ್ಟಿದ ಕೂಡಲೇ, ಸ್ಥಿರವಾಗುವುದಕ್ಕೆ ಮೊದಲೇ, ತಾಯಿಯ ಎದೆಗೆ ಹಾಕಿದಾಗ 28 ದಿನಗಳೊಳಗಿನ ಸಾವು ನೂರಕ್ಕೆ ಸುಮಾರು 16ರಿಂದ 12ಕ್ಕೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇಡೀ ಜಿಲ್ಲೆಯ ಮಟ್ಟದಲ್ಲಿ ಕಾಂಗರೂ ಆರೈಕೆಯನ್ನು ನೆಲೆಗೊಳಿಸುವ ಕೆಲಸ ಅಧ್ಯಯನದ ರೂಪದಲ್ಲಿ ನಡೆದಿದೆ. ಹಾಗಾಗಿ 'ಇದೆಲ್ಲ ನಮ್ಮ ಕಡೆ ಆಗದು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದಿನಕ್ಕೆ ಕನಿಷ್ಠ 8 ಗಂಟೆಯಾದರೂ ಮಗು ಎದೆಯ ಮೇಲಿರಬೇಕು. ತಾಯಿ ದಣಿದಾಗ ತಂದೆ, ಅಜ್ಜಿ, ಅತ್ತೆ ಯಾರಾದರೂ ಆಗಬಹುದು.

ಮನೆಗೆ ಹೋದ ಮೇಲೆ ನಡೆದದ್ದಕ್ಕೆ ಕಾರಣ, ನೀವು ತಾಯಿಗೆ ಹೇಳಿದಿರಿ, ನಿರ್ಧಾರ ಅಜ್ಜಿಯದಾಗಿತ್ತು. ನಮ್ಮಲ್ಲಿ ಬಾಣಂತನ ತವರಿನಲ್ಲಿ, ಅಲ್ಲಿ ಇಪ್ಪತ್ತೆರಡರ ಹುಡುಗಿ ಬಾಯಿ ತೆರೆಯುವುದಿಲ್ಲ. ಐದು ಮಕ್ಕಳನ್ನು ಹೆತ್ತು, ಹತ್ತು ಮೊಮ್ಮಕ್ಕಳಿಗೆ ನೀರೆರೆದ ಅಜ್ಜಿಗೆ ನಮ್ಮ ಪಟ್ಟಿ ಅವಮಾನದಂತೆ ಕೇಳಿಸುತ್ತದೆ. ಅವರ ಅನುಭವ ಸುಳ್ಳಲ್ಲ, ಅದು ಮೂರು ಕಿಲೋ ಮಗುವಿನ ಅನುಭವ. ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಎಷ್ಟೋ ಇದೆ: ಗಾಳಿ ನುಗ್ಗದ ಬೆಚ್ಚನೆ ಕೋಣೆ, ತಲೆಗೆ ಕುಲಾವಿ, ಬಂದವರೆಲ್ಲ ಮಗುವನ್ನು ಮುಟ್ಟದಂತೆ ಕಾಯುವುದು, ಬಾಣಂತಿಗೆ ವಿಶ್ರಾಂತಿ, ಹೊತ್ತು ಹೊತ್ತಿಗೆ ಊಟ. ಅಲ್ಲಿಂದ ಮಾತು ಶುರುಮಾಡಿ. ಬಿಡಬೇಕಾದದ್ದು ಇಷ್ಟು: ಕನಿಷ್ಠ 2 ಕಿಲೋ ದಾಟಿ ತೂಕ ಏರುತ್ತಾ ಹೋಗುವವರೆಗೆ ನೀರೆರೆಯುವುದು; ಹರಳೆಣ್ಣೆ, ಜೇನು, ಬಜೆ, ಸಕ್ಕರೆ ನೀರು ಬಾಯಿಗೆ ಹಾಕುವುದು, ಸಾಂಬ್ರಾಣಿ ಹೊಗೆ, ಹೊಕ್ಕುಳಿಗೆ ಬೂದಿಯೋ ಎಣ್ಣೆಯೋ ಹಚ್ಚುವುದು, ಕಣ್ಣಿಗೆ ಕಾಡಿಗೆ. ಕಾಮಾಲೆಗೆ ಎಳೆ ಬಿಸಿಲು ಸಾಕು ಎಂಬ ನಂಬಿಕೆಯೂ ಅಪಾಯದ್ದು, ಅಂಗೈ ಅಂಗಾಲು ಹಳದಿಯಾದ ಮಗುವಿಗೆ ಬೇಕಾದದ್ದು ಆಸ್ಪತ್ರೆಯ ನೀಲಿ ಬೆಳಕು. ಇನ್ನು ಬರೆ ಹಾಕುವುದರ ಬಗ್ಗೆ ಮಾತ್ರ ಮೆತ್ತಗೆ ಮಾತನಾಡಬೇಡಿ, ಅದು ಮಗುವಿನ ಪ್ರಾಣಕ್ಕೆ ಕೊಡುವ ಬೆಂಕಿ ಎಂದು ನೇರವಾಗಿಯೇ ಹೇಳಿ.

ಹೇಗೆ ಹೇಳುವುದು? ಒಮ್ಮೆ ಒಬ್ಬ ಅಜ್ಜಿ 'ನೀರು ಹಾಕದಿದ್ದರೆ ಕೂಸಿಗೆ ನಿದ್ದೆ ಹೇಗೆ ಬರುತ್ತದೆ?' ಎಂದು ಪಟ್ಟು ಹಿಡಿದು ಕುಳಿತರು. ನಾನು ವಾದ ಮಾಡಲಿಲ್ಲ. ಕೈ ತೊಳೆಸಿ ಒಳಗೆ ಕರೆದುಕೊಂಡು ಹೋದೆ. 'ಅಮ್ಮಾ, ಕೈ ಹಿಂಬದಿಯಿಂದ ಈ ಪಾದ ಮುಟ್ಟಿ ನೋಡಿ' ಎಂದೆ. ಒರೆಸಿ ಬಟ್ಟೆ ಬದಲಿಸುವಷ್ಟರಲ್ಲೇ ಬೆಚ್ಚಗಿದ್ದ ಪಾದ ತಣ್ಣಗಾಗಿತ್ತು. ಅವರು ಕೈ ಹಿಂತೆಗೆದು, ಮತ್ತೆ ಮುಟ್ಟಿ, ತಮ್ಮ ಸೆರಗಿನಿಂದಲೇ ಆ ಪಾದ ಮುಚ್ಚಿದರು. ಆಮೇಲೆ ಮಗುವನ್ನು ತಾಯಿಯ ಎದೆಗೆ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಮುಟ್ಟಿಸಿದೆ. ಮಾರನೆಯ ದಿನದಿಂದ ಪಕ್ಕದ ಹಾಸಿಗೆಯ ತಾಯಂದಿರಿಗೆ ಆ ಅಜ್ಜಿಯೇ ಪಾಠ ಹೇಳುತ್ತಿದ್ದರು.

ಆದ್ದರಿಂದ ಬಿಡುಗಡೆಯ ದಿನ 15 ಮಾತು ಬೇಡ. ಸೇರಿದ ಮೂರನೆಯ ದಿನದಿಂದ ದಿನಕ್ಕೊಂದು. ಇವತ್ತು ಕೈ ತೊಳೆಯುವುದು, ನಾಳೆ ಹಾಲು ಹಿಂಡುವುದು, ನಾಡಿದ್ದು ಒಳಲೆಯಲ್ಲಿ ಕುಡಿಸುವುದು. ನೀವು ಮಾಡಿ ತೋರಿಸಿ, ಅವರಿಂದ ಮಾಡಿಸಿ, ಸುಮ್ಮನೆ ನಿಂತು ನೋಡಿ. ಒಳಲೆಯ ವಿಷಯವನ್ನೇ ತೆಗೆದುಕೊಳ್ಳಿ. ಮಗುವನ್ನು ಅರೆಕುಳಿತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ನುಂಗುವವರೆಗೆ ಕಾಯಬೇಕು. ಮನೆಯಲ್ಲಿ ಒಳಲೆ ಹಿಡಿದು ಗೊತ್ತಿರುವ ಅಜ್ಜಿ ಮಲಗಿಸಿದಲ್ಲೇ ಗಂಟಲಿಗೆ ಸುರಿಯುತ್ತಾರೆ, ಹಾಲು ಶ್ವಾಸಕೋಶಕ್ಕೆ ಹೋಗುವುದು ಅಲ್ಲೇ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ 'ಆಯಿತು' ಎನ್ನುತ್ತಾರೆ. ಮಾಡಿಸಿ ನೋಡಿದಾಗಲೇ ಮಗುವಿನ ತಲೆ ಎಷ್ಟು ಹಿಂದಕ್ಕೆ ವಾಲಿದೆ ಎಂದು ನಿಮಗೆ ಕಾಣುವುದು.

ಕೊನೆಗೆ ಅಪಾಯದ ಚಿಹ್ನೆಗಳನ್ನು ತಾಯಿಯ ಬಾಯಿಂದಲೇ ಹೇಳಿಸಿ: ಹಾಲು ಬಿಟ್ಟಿತು, ಮಂಕಾಯಿತು, ಮೈ ತಣ್ಣಗಾಯಿತು ಅಥವಾ ಸುಡುತ್ತಿದೆ, ಉಸಿರು ಓಡುತ್ತಿದೆ, ಫಿಟ್ಸ್ ಬಂತು. ಫಿಟ್ಸನ್ನು ಬಾಲಗ್ರಹ ಎಂದು ತಾಯತ ಕಟ್ಟಿಸಲು ಹೊರಡುವ ಮನೆಗಳಿಗೆ ಆ ಪದವನ್ನೇ ಬಳಸಿ ಹೇಳಿ: 'ಬಾಲಗ್ರಹ ಅನ್ನಿಸಿದರೂ ಮೊದಲು ಇಲ್ಲಿಗೆ ಬನ್ನಿ.' ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹೆಸರು, ಫೋನ್ ಸಂಖ್ಯೆ ತಾಯಿ ಕಾರ್ಡಿನ ಮೇಲೆ ಇದೆಯೇ ನೋಡಿ, ನೀವೇ ಒಂದು ಕರೆ ಮಾಡಿ. ಎರಡು ನಿಮಿಷದ ಆ ಕರೆ ಒಂದು ಮರುದಾಖಲನ್ನು ತಪ್ಪಿಸಬಲ್ಲದು.

ಸಮಯವೆಲ್ಲಿದೆ ಎಂದು ನೀವು ಕೇಳುವುದು ನ್ಯಾಯವೇ. ಒಂದು ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಬ್ಬ ನರ್ಸ್ ಇರಬೇಕು. ಇಬ್ಬರು ಹದಿನಾರು ಮಕ್ಕಳನ್ನು ನೋಡುವುದು ನಿಮ್ಮ ಅಸಾಮರ್ಥ್ಯವಲ್ಲ, ವ್ಯವಸ್ಥೆಯ ಕೊರತೆ. ಪಾಳಿಯ ವರದಿಯಲ್ಲಿ ಮಕ್ಕಳ ಸಂಖ್ಯೆ, ಸಿಬ್ಬಂದಿಯ ಸಂಖ್ಯೆ ಎರಡನ್ನೂ ಪ್ರತಿದಿನ ಬರೆಯಿರಿ, ಬರೆಯದ ಕೊರತೆ ಯಾರಿಗೂ ಕಾಣುವುದಿಲ್ಲ. ಅದರ ಜೊತೆಗೆ, ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಕುಟುಂಬದವರನ್ನು ಸೇರಿಸಿಕೊಳ್ಳುವ ಆರೈಕೆಯ ಮಾರ್ಗಸೂಚಿ ಹೊರಡಿಸಿದೆ. ತರಬೇತಿ ಪಡೆದ ತಾಯಿ ಒಳಗೆ ಬಂದು ಮಗುವನ್ನು ಒರೆಸಬಹುದು, ಬಟ್ಟೆ ಬದಲಿಸಬಹುದು, ಹಾಲು ಕುಡಿಸಬಹುದು. ತಾಯಂದಿರನ್ನು ಹೊರಗಿಟ್ಟರೆ ನಂಜು ಕಡಿಮೆ ಎಂದು ನಮ್ಮ ಕಾಲದಲ್ಲಿ ಕಲಿಸಿದ್ದರು, ಬಾಗಿಲ ಗಾಜಿನ ಆಚೆ ನಿಂತ ಎಷ್ಟೋ ತಾಯಂದಿರನ್ನು ನಾನೇ ಗದರಿಸಿ ಕಳಿಸಿದ್ದೇನೆ. ಕೈ ತೊಳೆದ ತಾಯಿಯಿಂದ ಮಗುವಿಗೆ ಅಪಾಯವಿಲ್ಲ. ಆದರೆ ನಳಿಗೆಯಲ್ಲಿ ಹಾಲು ಹಾಕುವುದು, ಔಷಧಿ, ಆಮ್ಲಜನಕ ಇವು ನಿಮ್ಮವೇ. ಕೆಲಸ ಹಗುರಾಗಲೆಂದು ಅವನ್ನು ತಾಯಿಗೆ ದಾಟಿಸಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ವರ್ಗಾವಣೆಯನ್ನು ನಾನು ಮೊದಲು ತಳ್ಳಿಹಾಕುವುದಿಲ್ಲ. ನಿದ್ದೆ ಬಾರದೆ, ಊಟ ಸೇರದೆ ಹೋಗುತ್ತಿದ್ದರೆ ಕೆಲವು ತಿಂಗಳು ಬೇರೆಡೆ ಇರುವುದು ತಪ್ಪಲ್ಲ. ಆದರೆ ನಾಲ್ಕು ತಿಂಗಳಿಗೇ ಹೊರಟರೆ ಭಯ ನಿಮ್ಮ ಜೊತೆಗೇ ಬರುತ್ತದೆ, ಆ ಘಟಕಕ್ಕೆ ಮತ್ತೊಬ್ಬ ಹೊಸಬಳು ಬರುತ್ತಾಳೆ.

ಮೊದಲು ಕೇಳಬೇಕಾದದ್ದು, ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಆರೈಕೆ ಕಲಿಸುವ ಸರ್ಕಾರದ ಎಫ್‌ಬಿಎನ್‌ಸಿ ತರಬೇತಿ: ನಾಲ್ಕು ದಿನ ತರಗತಿ, ಅದರ ಬಳಿಕ ದೊಡ್ಡ ಕೇಂದ್ರವೊಂದರಲ್ಲಿ 14 ದಿನ ಜೊತೆಗಿದ್ದು ಕಲಿಯುವುದು. ಗುತ್ತಿಗೆಯವರೆಂದು ನಿಮ್ಮ ಹೆಸರನ್ನು ಹಿಂದಕ್ಕೆ ಸರಿಸಿದ್ದರೆ ಲಿಖಿತವಾಗಿ ಕೇಳಿ. ಆ 14 ದಿನಗಳೇ ಅದರ ಜೀವ, ಹಲವರು ಅದನ್ನು ನೋಡುತ್ತಾ ನಿಂತೇ ಕಳೆದುಬಿಡುತ್ತಾರೆ. ನಿಮ್ಮ ಘಟಕದಲ್ಲಿಲ್ಲದ ಯಂತ್ರದ ಬಗ್ಗೆ ಬೆರಗಾಗಿ ಮರಳುವುದಕ್ಕಿಂತ, ಅಲ್ಲಿನವರು ಪಾಳಿ ಬದಲಾಗುವಾಗ ಮಕ್ಕಳನ್ನು ಹೇಗೆ ಒಪ್ಪಿಸುತ್ತಾರೆ, ಕೈಗಳನ್ನು ಎಲ್ಲಿಡುತ್ತಾರೆ ಎಂಬುದನ್ನು ನೋಡಿ. ಒಂದು ವರ್ಷದ ನವಜಾತ ಶಿಶು ಶುಶ್ರೂಷೆಯ ಡಿಪ್ಲೊಮಾ ಒಳ್ಳೆಯದೇ, ಆದರೆ ಈಗಲೇ ಬೇಡ ಎನ್ನುತ್ತೇನೆ. ಗುತ್ತಿಗೆ ಕೆಲಸ ಬಿಟ್ಟು ಹೋದರೆ ಸಂಬಳ ನಿಲ್ಲುತ್ತದೆ, ಮರಳಿದಾಗ ಇದೇ ಘಟಕ ಸಿಗುತ್ತದೆ ಎಂಬ ಭರವಸೆಯಿಲ್ಲ. ಎರಡು ವರ್ಷ ಕೈ ಪಳಗಿದ ಮೇಲೆ ಹೋದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ನಿಮ್ಮ ಬಳಿ ಇರುತ್ತವೆ.

ಅಲ್ಲಿಯವರೆಗೆ ಆ ಹಿರಿಯ ಸಿಸ್ಟರನ್ನು ಬಿಡಬೇಡಿ. ವಾರಕ್ಕೆ ಎರಡು ಬಾರಿ, ಪಾಳಿಗೆ ಹತ್ತು ನಿಮಿಷ ಮೊದಲು ಬಂದು, ಅವರೆದುರು ಆಂಬು ಬ್ಯಾಗ್, ಅಂದರೆ ಮಗುವಿಗೆ ಕೈಯಿಂದ ಉಸಿರು ಕೊಡುವ ಚೀಲ, ಒತ್ತಿ ತೋರಿಸಿ. ಅದರ ಮಾಸ್ಕ್ ಗದ್ದಕ್ಕೂ ಮೂಗಿಗೂ ಸರಿಯಾಗಿ ಕೂತಿದೆಯೇ, 'ಒತ್ತು, ಎರಡು, ಮೂರು' ಎಂಬ ಲಯಕ್ಕೆ ನಿಮಿಷಕ್ಕೆ 40ರಿಂದ 60 ಉಸಿರು ಹೋಗುತ್ತಿದೆಯೇ, ಪ್ರತಿ ಬಾರಿ ಎದೆ ಏಳುತ್ತಿದೆಯೇ ಎಂದು ಅವರು ನೋಡಲಿ. ಹುಟ್ಟಿದಾಗ ಉಸಿರಾಡದ ಮಗುವಿಗೆ ನಮಗಿರುವುದು ಮೊದಲ ಒಂದು ನಿಮಿಷ. ಆ ನಿಮಿಷದಲ್ಲಿ ಯೋಚಿಸಲು ಸಮಯವಿಲ್ಲ, ಕೈಗೆ ತಾನಾಗಿ ಗೊತ್ತಿರಬೇಕು. ಇದಕ್ಕೆ ಬೇಕಾದ ಗೊಂಬೆ ಅನೇಕ ಆಸ್ಪತ್ರೆಗಳಲ್ಲಿ ತರಬೇತಿಗೆಂದು ಬಂದು, ಹಾಳಾದೀತೆಂದು ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಉಳಿದುಬಿಡುತ್ತದೆ. ನಿಮ್ಮಲ್ಲೂ ಇರಬಹುದು. ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ನಾಳೆಯೇ ಕೇಳಿ.